ಮುಪ್ಪೇ ಬಾರದಿದ್ದರೆ ಆತ್ಮಕ್ಕೇನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜೀವಶಾಸ್ತ್ರ ಪಾಠ ಮಾಡಿದವನು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಮುಪ್ಪಿನ ವಿಜ್ಞಾನದ ಬಗ್ಗೆ ಮಾತಾಡಲು ಹೋದಲ್ಲೆಲ್ಲ, ಜೀವಕೋಶದ ವಿಷಯ ಮುಗಿಯುವ ಮೊದಲೇ ಯಾರಾದರೂ ಎದ್ದು ಆತ್ಮದ ಮಾತೆತ್ತುತ್ತಾರೆ. ವಿಷಯ ಬದಲಾಯಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿದ್ದಿಲ್ಲ. ದೇಹಕ್ಕೆ ಮುಪ್ಪಿಲ್ಲ ಎಂದಾದರೆ ಮೊದಲು ಕೇಳಬೇಕಾದದ್ದೇ ಅದು. ಹಾಗೆ ಕೇಳಿದವರಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ. ಪ್ರಯೋಗಾಲಯದಿಂದ ಗೊತ್ತಾದದ್ದು ಯಾವುದು, ಹಿರಿಯರು ಹೇಳಿದ್ದು ಯಾವುದು, ನನ್ನ ಅಭಿಪ್ರಾಯ ಯಾವುದು ಎಂಬುದನ್ನು ಬೆರೆಸದಂತೆ ನೋಡಿಕೊಂಡಿದ್ದೇನೆ.

ಮುಪ್ಪನ್ನು ನಿಲ್ಲಿಸುವುದು ಅಂದರೆ ಸಾವೇ ಇಲ್ಲ ಅಂತಲೇ?

ಅಲ್ಲ. ಇವೆರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಮಾತೆಲ್ಲ ದಾರಿ ತಪ್ಪುತ್ತದೆ. 1825ರಲ್ಲಿ ಬೆಂಜಮಿನ್ ಗಾಂಪರ್ಟ್ಜ್ ಎಂಬ ಇಂಗ್ಲೆಂಡಿನ ಗಣಿತಜ್ಞ ಸಾವಿನ ಲೆಕ್ಕದ ಪಟ್ಟಿಗಳನ್ನು ನೋಡುತ್ತಾ ಒಂದು ನಿಯಮ ಗುರುತಿಸಿದ. ಪ್ರಾಯಕ್ಕೆ ಬಂದ ಮೇಲೆ ಮನುಷ್ಯ ಸಾಯುವ ಸಂಭವ ವಯಸ್ಸಿನ ಜೊತೆ ಗುಣಿಸುತ್ತಾ ಏರುತ್ತದೆ. ಈಗಿನ ಲೆಕ್ಕದಲ್ಲಿ ಅದು ಸುಮಾರು 8 ವರ್ಷಕ್ಕೊಮ್ಮೆ ಇಮ್ಮಡಿ. ಆ ಏರಿಕೆಯೇ ಮುಪ್ಪು. ಅದನ್ನು ತಡೆದರೆ ಎಂಬತ್ತರ ಅಜ್ಜನಿಗೂ ಇಪ್ಪತ್ತೈದರ ಮೊಮ್ಮಗನಿಗೂ ಸಾವಿನ ಸಂಭವ ಒಂದೇ ಆದೀತು; ಸೊನ್ನೆಯಂತೂ ಆಗದು. ರಸ್ತೆ ಅಪಘಾತ, ಸೋಂಕುಜ್ವರ, ಕಾಡಾನೆ ಇದ್ದೇ ಇರುತ್ತವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜರಿದಾಗ ಅದು ಯಾರ ವಯಸ್ಸನ್ನೂ ನೋಡಲಿಲ್ಲ.

ಆದ್ದರಿಂದ ನಾವು ಯೋಚಿಸಬೇಕಾದದ್ದು ಸಾವು ಇರುವ, ಆದರೆ ಅದರ ಮುನ್ಸೂಚನೆ ಇಲ್ಲದ ಬದುಕಿನ ಬಗ್ಗೆ. ಈ ಒಂದು ವ್ಯತ್ಯಾಸ ಕೆಳಗಿನ ಬಹಳಷ್ಟು ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ವಿಜ್ಞಾನ ನಿಜಕ್ಕೂ ಎಲ್ಲಿಗೆ ಬಂದಿದೆ?

ಮನುಷ್ಯರಲ್ಲಿ ಮುಪ್ಪನ್ನು ನಿಲ್ಲಿಸಿದ ಔಷಧ ಇಂದಿಗೂ ಒಂದೂ ಇಲ್ಲ. ದಾಖಲೆಯಾದ ಅತಿ ದೀರ್ಘ ಆಯುಷ್ಯ ಫ್ರಾನ್ಸಿನ ಜೀನ್ ಕಾಲ್ಮಾಂ ಅವರದು. 1997ರಲ್ಲಿ ತೀರಿಕೊಂಡಾಗ ಅವರಿಗೆ 122 ವರ್ಷ. ಅದನ್ನು ಯಾರೂ ದಾಟಿಲ್ಲ.

ಆದರೂ ಮುಪ್ಪು ಎಂದರೆ ಏನು ಎಂಬುದು ನಮ್ಮ ತಂದೆಯವರ ಕಾಲಕ್ಕಿಂತ ಈಗ ಎಷ್ಟೋ ಚೆನ್ನಾಗಿ ಗೊತ್ತು. ಮನುಷ್ಯನ ಸಾಮಾನ್ಯ ಜೀವಕೋಶ ಸುಮಾರು 40ರಿಂದ 60 ಸಲ ಒಡೆದು ಎರಡಾಗಿ, ಆಮೇಲೆ ನಿಂತುಬಿಡುತ್ತದೆ ಎಂದು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಪ್ರತಿ ಸಲವೂ ಸವೆಯುವುದು ಅದಕ್ಕೆ ಕಾರಣ. ಆ ತುದಿಗಳ ಗುಟ್ಟು ಬಿಡಿಸಿದ ಮೂವರಿಗೆ 2009ರಲ್ಲಿ ನೊಬೆಲ್ ಬಂತು. ಅದೇ ವರ್ಷ, 600 ದಿನ ವಯಸ್ಸಾದ ಇಲಿಗಳಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಅರವತ್ತರ ಆಸುಪಾಸಿನವುಗಳಿಗೆ, ರಾಪಮೈಸಿನ್ ಎಂಬ ಔಷಧ ಕೊಟ್ಟಾಗ ಅವುಗಳ ಆಯುಷ್ಯ ಹೆಚ್ಚಿದ್ದು ಪ್ರಕಟವಾಯಿತು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ನಾಲ್ಕೇ ಜೀನ್‌ಗಳನ್ನು ಬಳಸಿ ಬೆಳೆದ ಇಲಿಯ ಚರ್ಮದ ಕೋಶವನ್ನು ಭ್ರೂಣದ ಕೋಶದಂಥ ಸ್ಥಿತಿಗೆ ಹಿಂದಕ್ಕೆ ಒಯ್ದರು. ನನ್ನನ್ನು ತುಂಬ ಕಾಡಿದ್ದು ಇದು. ಹಳೆಯ ರೋಬಸ್ಟಾ ಕಾಫಿ ಗಿಡವನ್ನು ನೆಲದಿಂದ ಒಂದಡಿ ಬಿಟ್ಟು ಕಡಿದರೆ ಅದೇ ಬೇರಿನಿಂದ ಹೊಸ ಚಿಗುರು ಎದ್ದು ಮತ್ತೆ ಫಸಲು ಕೊಡುವುದನ್ನು ನಮ್ಮಲ್ಲಿ ಎಲ್ಲರೂ ಕಂಡಿದ್ದೇವೆ. ಜೀವಕೋಶದ ಒಳಗೂ ಅಂಥ ಒಂದು ಬೇರು ಹಾಗೆಯೇ ಉಳಿದಿರುತ್ತದೆ ಎಂದು ಅವರು ತೋರಿಸಿದರು.

ಮುಪ್ಪಿನ ಲಕ್ಷಣಗಳು ಇಂತಿಷ್ಟು ಎಂದು 2013ರಲ್ಲಿ ವಿಜ್ಞಾನಿಗಳು ಒಂಬತ್ತನ್ನು ಪಟ್ಟಿ ಮಾಡಿದರು. 2023ರಲ್ಲಿ ಅದು ಹನ್ನೆರಡಾಯಿತು. ಒಂದನ್ನು ಸರಿಪಡಿಸಿದರೆ ಉಳಿದ ಹನ್ನೊಂದು ಸುಮ್ಮನಿರುವುದಿಲ್ಲ. ಸವೆಯದ ಟೆಲೊಮಿಯರ್ ಇರುವ ಕೋಶಗಳು ನಮಗೆ ಹೊಸವೂ ಅಲ್ಲ: ಬಹುಪಾಲು ಕ್ಯಾನ್ಸರ್ ಕೋಶಗಳು ಅಂಥವೇ.

ದೇಹಕ್ಕೆ ಮುಪ್ಪು ಬಾರದಿದ್ದರೆ ಆತ್ಮಕ್ಕೆ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಗೀತೆಯ ಎರಡನೆಯ ಅಧ್ಯಾಯವನ್ನು ಒಪ್ಪುವವರಿಗೆ ನೇರ ಉತ್ತರವಿದೆ: ಆತ್ಮಕ್ಕೆ ಏನೂ ಆಗದು. ಬಾಲ್ಯ, ಯೌವನ, ಮುಪ್ಪು ಮೂರೂ ದೇಹದವು. ದೇಹಿ ಅವುಗಳನ್ನು ಹಾದುಹೋಗುವವನು. ಮುಪ್ಪು ಬಂದಾಗ ಅವನು ಕುಗ್ಗಿರಲಿಲ್ಲ, ತಪ್ಪಿದಾಗ ಹಿಗ್ಗುವುದೂ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಪ್ರಶ್ನೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ ಎಂದು ನನಗೆ ಗೊತ್ತು. ಅವರು ಕೇಳುತ್ತಿರುವುದು ಬೇರೆ: "ಆತ್ಮದ ಕಡೆ ತಿರುಗುವ ನನ್ನ ಮನಸ್ಸಿಗೆ ಏನಾಗುತ್ತದೆ?" ಅಲ್ಲಿ ವ್ಯತ್ಯಾಸ ತುಂಬ ದೊಡ್ಡದು. ಮುಪ್ಪು ಇಷ್ಟು ಕಾಲ ನಮ್ಮ ಕೈಯಿಂದ ಒಂದೊಂದನ್ನೇ ಬಿಡಿಸಿದೆ. ಮೊದಲು ಓಟ, ಆಮೇಲೆ ರೂಪ, ಆಮೇಲೆ ಅಧಿಕಾರ, ಕೊನೆಗೆ "ನನ್ನಿಂದಲೇ ಎಲ್ಲ ನಡೆಯುತ್ತದೆ" ಎಂಬ ಹಟ. ಬಲವಂತದ ಬಿಡುಗಡೆಯಾದರೂ ಅದು ಬಿಡುಗಡೆ. ಮುಪ್ಪು ಹೋದರೆ ಅದನ್ನೆಲ್ಲ ನಾವೇ ಇಷ್ಟಪಟ್ಟು ಬಿಡಬೇಕಾಗುತ್ತದೆ, ಬಿಡದಿದ್ದರೆ ಕೇಳುವವರಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಷ್ಟೇ.

ಹರಿದ ಬಟ್ಟೆ ಬಿಟ್ಟು ಹೊಸದು ತೊಡುವ ಹಾಗೆ ಅನ್ನುತ್ತಾರಲ್ಲ. ಬಟ್ಟೆ ಹರಿಯದೇ ಹೋದರೆ ಜನ್ಮಾಂತರ ನಿಂತುಹೋಗುತ್ತದೆಯೇ?

ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ದೇಹ ಇರುವುದು ಪ್ರಾರಬ್ಧ ಕರ್ಮ, ಅಂದರೆ ಈ ಜನ್ಮದಲ್ಲಿ ಅನುಭವಿಸಲೇಬೇಕಾದ ಹಿಂದಿನ ಕರ್ಮ, ತೀರುವವರೆಗೆ ಎನ್ನುತ್ತದೆ ವೇದಾಂತ. ಈ ಲೆಕ್ಕದಲ್ಲಿ ಐನೂರು ವರ್ಷ ಬದುಕಿದವನ ಪ್ರಾರಬ್ಧವೇ ಅಷ್ಟು ಉದ್ದದ್ದು; ಔಷಧ ಅದರ ದಾರಿ ಮಾತ್ರ. ಆದರೆ ಆ ಐನೂರು ವರ್ಷ ಹೊಸ ಕರ್ಮವೂ ಸೇರುತ್ತಾ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮರೆವೂ ಇಲ್ಲದೆ, ಹೊಸ ಬಾಲ್ಯವೂ ಇಲ್ಲದೆ, ಅದೇ ದ್ವೇಷವನ್ನು ಅದೇ ನೆರೆಮನೆಯವನ ಮೇಲೆ ಮುನ್ನೂರು ವರ್ಷ ಹೊತ್ತು ತಿರುಗುವುದನ್ನು ಊಹಿಸಿ. ಗಡಿಬೇಲಿಯ ಜಗಳ ಎರಡು ತಲೆಮಾರಿಗೇ ಎಷ್ಟು ವಿಷವಾಗುತ್ತದೆಂದು ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಸಾವು ಎಷ್ಟೋ ಜಗಳಗಳನ್ನು ಮುಗಿಸಿದೆ. ಇನ್ನು ಮುಂದೆ ಕ್ಷಮೆಯೇ ಮುಗಿಸಬೇಕು.

ಮರೆವಿನ ಕಾಯಿಲೆ ಬಂದ ನಮ್ಮ ಅವ್ವನಿಗೆ ನನ್ನ ಗುರುತೇ ಇಲ್ಲ. ಆತ್ಮ ಮುದಿಯಾಗುವುದಿಲ್ಲ ಅಂದರೆ ಇವರು ಯಾರು?

ಈ ಪ್ರಶ್ನೆ ಕೇಳಿದವರ ಕಣ್ಣು ನೋಡಿ ಉತ್ತರ ಹೇಳುವುದು ಕಷ್ಟ. ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಮ್ಮ ಹಿರಿಯರು ನಿಜವಾಗಿ ಉಪಯೋಗಕ್ಕೆ ಬರುವ ಮಾತು ಹೇಳಿದ್ದಾರೆ.

ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ಮತದಲ್ಲಿ ಜೀವ ಬೇರೆ, ಜೀವಕ್ಕೆ ಸೇರಿದ ಅರಿವು ಬೇರೆ. ಜೀವ ಬದಲಾಗುವುದಿಲ್ಲ. ಅರಿವು ಮಾತ್ರ ಕುಗ್ಗುತ್ತದೆ, ಹಿಗ್ಗುತ್ತದೆ. ದೇಹ, ಕರ್ಮ ಅದನ್ನು ಒತ್ತಿ ಹಿಡಿದಾಗ ಕುಗ್ಗುತ್ತದೆ. ಬಿಡುಗಡೆಯಲ್ಲಿ ಪೂರ್ತಿ ಅರಳುತ್ತದೆ. ಅದ್ವೈತಿಗಳು ಇದನ್ನೇ ಬೇರೆ ಬಗೆಯಲ್ಲಿ, ನೆನಪು ಮನಸ್ಸಿನದು, ಮನಸ್ಸನ್ನು ನೋಡುವ ಸಾಕ್ಷಿ ನೆನಪಲ್ಲ ಎನ್ನುತ್ತಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ನಿಮ್ಮ ಅವ್ವ ಎಲ್ಲೂ ಹೋಗಿಲ್ಲ. ಆಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ಗಂಟುಗಟ್ಟಿ ನರಕೋಶಗಳು ಸಾಯುತ್ತವೆ. ಅವ್ವನಿಗೂ ನಿಮಗೂ ನಡುವಿನ ದಾರಿ ಮುಚ್ಚಿದೆ.

ಇದನ್ನು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ಮುಪ್ಪಿನ ಸಂಶೋಧನೆಯನ್ನು ಅಹಂಕಾರ ಎನ್ನುವವರು ಒಂದು ರಾತ್ರಿ ಇಂಥ ರೋಗಿಯ ಪಕ್ಕ ಕೂರಬೇಕು. ಗಂಟೆಗೊಮ್ಮೆ ಎದ್ದು "ನಮ್ಮನೆಗೆ ಹೋಗ್ತೀನಿ" ಎಂದು ತನ್ನ ಮನೆಯ ಬಾಗಿಲನ್ನೇ ತಟ್ಟುವ ಜೀವದ ನೋವಿನಲ್ಲಿ ಪವಿತ್ರವಾದದ್ದು ಏನೂ ಇಲ್ಲ. ಅದನ್ನು ತಡೆಯುವ ಔಷಧ ಬಂದರೆ ನಾನು ಎರಡೂ ಕೈಯೆತ್ತಿ ಮುಗಿಯುತ್ತೇನೆ. ಆತ್ಮದ ಹೆಸರು ಹೇಳಿ ಅದಕ್ಕೆ ಅಡ್ಡ ನಿಲ್ಲುವುದು ಆತ್ಮವನ್ನು ಗೌರವಿಸುವ ಬಗೆಯಲ್ಲ.

ಅಂದರೆ ಮುಪ್ಪನ್ನು ತಡೆಯುವುದು ದೇವರ ಇಚ್ಛೆಗೆ ವಿರುದ್ಧವಲ್ಲ ಅಂತೀರಾ?

ಹೌದು, ವಿರುದ್ಧವಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಹುಟ್ಟುವ ಮಗುವಿನ ಸರಾಸರಿ ಆಯುಷ್ಯ ಸುಮಾರು 32 ವರ್ಷ ಇತ್ತು. ಈಗ ಸುಮಾರು 70. ಈ ಏರಿಕೆಯನ್ನು ಪಾಪ ಎಂದವರನ್ನು ನಾನು ಕಂಡಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನ ಒಂದು. ಅದರ ಕೆಲಸವೇ ಮುಪ್ಪನ್ನು ದೂರ ಇಡುವುದು. ಮುದುಕ ಚ್ಯವನ ಋಷಿಗೆ ಯೌವನ ಮರಳಿಸಿದವರು ದೇವತೆಗಳ ವೈದ್ಯರಾದ ಅಶ್ವಿನಿ ದೇವತೆಗಳು.

ನಚಿಕೇತನ ಕಥೆಯನ್ನು ಇದಕ್ಕೆ ಎದುರಾಗಿ ಹೇಳುವವರಿದ್ದಾರೆ. ಕಠೋಪನಿಷತ್ತಿನಲ್ಲಿ ಯಮ ಆ ಹುಡುಗನಿಗೆ "ನೀನು ಎಷ್ಟು ವರ್ಷ ಬೇಕೋ ಅಷ್ಟು ಬದುಕು" ಎಂದೇ ಹೇಳುತ್ತಾನೆ, ಹುಡುಗ ಬೇಡ ಎನ್ನುತ್ತಾನೆ. ನಿಜ. ಆದರೆ ಯಮ ಅದನ್ನು ಕೊಡಲು ಬಂದದ್ದು ಏನಕ್ಕೆ ಬದಲಾಗಿ ಎಂದು ನೋಡಿ. ಸಾವಿನ ಆಚೆ ಏನಿದೆ ಎಂಬ ಪ್ರಶ್ನೆಯನ್ನು ಬಿಟ್ಟುಬಿಡು, ಆಯುಷ್ಯ ತಗೋ ಎಂದ. ನಚಿಕೇತ ಬೇಡವೆಂದದ್ದು ಆ ವ್ಯಾಪಾರವನ್ನು. ಬದುಕನ್ನು ಅವನು ತಿರಸ್ಕರಿಸಲೇ ಇಲ್ಲ. ಅವನ ಮೊದಲನೆಯ ವರವೇ, ತಾನು ಮನೆಗೆ ಮರಳಿದಾಗ ಅಪ್ಪ ಸಿಟ್ಟಿಲ್ಲದೆ ಗುರುತಿಸಿ ಮಾತಾಡಿಸಲಿ ಎಂಬುದು. ದೀರ್ಘಾಯುಷ್ಯ ಬಂದ ದಿನ ನಮ್ಮ ಮುಂದೆ ಇರುವುದೂ ಇದೇ ಪರೀಕ್ಷೆ: ಆಯುಷ್ಯ ತಗೊಂಡು ಪ್ರಶ್ನೆಯನ್ನು ಕೈಬಿಡುತ್ತೇವೆಯೇ, ಎರಡನ್ನೂ ಇಟ್ಟುಕೊಳ್ಳುತ್ತೇವೆಯೇ?

ಸಿದ್ಧರು, ಯೋಗಿಗಳು ದೇಹವನ್ನೇ ಸಾಯದ ಹಾಗೆ ಮಾಡಿಕೊಂಡಿದ್ದರಂತೆ. ಅವರಿಗೆ ಆತ್ಮಜ್ಞಾನ ಸುಲಭವಾಯಿತೇ?

ಇದಕ್ಕೆ ಕನ್ನಡದಲ್ಲೇ ಒಂದು ಉತ್ತರವಿದೆ, ಅದಕ್ಕಿಂತ ಒಳ್ಳೆಯದು ನನಗೆ ಎಲ್ಲೂ ಸಿಕ್ಕಿಲ್ಲ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಿಂದ ಶರಣರ ಮಾತು ಓಡಾಡಿದ ನಾಡು ಇದು, ಹಾಗಾಗಿ ಅನೇಕರಿಗೆ ಕಥೆ ಗೊತ್ತಿರಬಹುದು.

ಗೋರಕ್ಷ ಕಾಯಸಿದ್ಧಿ ಪಡೆದ ಯೋಗಿ. ಅವನ ಮೈ ವಜ್ರದಷ್ಟು ಗಟ್ಟಿ. ಅಲ್ಲಮಪ್ರಭು ಎದುರಾದಾಗ ಕೈಗೆ ಕತ್ತಿ ಕೊಟ್ಟು, ಹೊಡೆದು ನೋಡು ಎಂದ. ಅಲ್ಲಮ ಹೊಡೆದ. ಕತ್ತಿ ಖಣಿಲೆಂದು ಸದ್ದು ಮಾಡಿತು, ಗೋರಕ್ಷನ ಒಂದು ಕೂದಲೂ ಕೊಂಕಲಿಲ್ಲ. ಆಮೇಲೆ ಅದೇ ಕತ್ತಿಯನ್ನು ಅಲ್ಲಮ ಅವನ ಕೈಗೆ ಕೊಟ್ಟ, ಈಗ ನೀನು ಹೊಡೆ ಎಂದ. ಗೋರಕ್ಷ ಬೀಸಿದ. ಕತ್ತಿ ಬಯಲಲ್ಲಿ ಆಡಿದಂತೆ ಅಲ್ಲಮನ ಮೈಯೊಳಗೆ ಹಾದುಹೋಯಿತು. ತಾಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಅಲ್ಲಮ ಗೋರಕ್ಷನ ಸಾಧನೆಯನ್ನು ಸುಳ್ಳು ಎನ್ನಲಿಲ್ಲ ಎಂಬುದು ಮುಖ್ಯ. ಕತ್ತಿ ನಿಜವಾಗಿಯೂ ಕತ್ತರಿಸಲಿಲ್ಲ. ಆದರೆ ಆ ಸದ್ದು, ಒಳಗೆ ಇನ್ನೂ ಒಬ್ಬ "ನಾನು" ಗಟ್ಟಿಯಾಗಿ ಕೂತಿದ್ದಾನೆ ಎಂದು ಹೇಳಿಬಿಟ್ಟಿತು. ದೇಹ ಗಟ್ಟಿಯಾದಷ್ಟೂ ಅವನೂ ಗಟ್ಟಿಯಾಗಿದ್ದ. ಮುಪ್ಪಿಲ್ಲದ ದೇಹದ ದೊಡ್ಡ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಾರರು. ಮತ್ತೆ, ಕಥೆಯ ಕೊನೆಯಲ್ಲಿ ಗೋರಕ್ಷ ಸೋತು ಹೋಗಿಬಿಡುವುದಿಲ್ಲ. ಅಲ್ಲಮನಿಂದ ಉಪದೇಶ ಪಡೆಯುತ್ತಾನೆ. ವಜ್ರದ ಮೈ ಇದ್ದವನಿಗೂ ದಾರಿ ಮುಚ್ಚಿರಲಿಲ್ಲ. ಅವನು ಕೇಳಬೇಕಿತ್ತು, ಕೇಳಿದ.

ಮುಪ್ಪಿಲ್ಲದ ಸಮಾಜ ಹೇಗಿರುತ್ತದೆಂದು ನಮ್ಮ ಹಿಂದಿನವರು ಯೋಚಿಸಿದ್ದರೇ?

ಜೈನರು ತುಂಬ ವಿವರವಾಗಿ ಯೋಚಿಸಿದ್ದರು. ಶನಿವಾರಸಂತೆ ಹತ್ತಿರದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳಿವೆ. ನೋಡದವರು ಒಮ್ಮೆ ಹೋಗಿ ಬನ್ನಿ. ಅಲ್ಲಿ ಪೂಜೆ ಮಾಡಿದವರ ಪುರಾಣಗಳಲ್ಲಿ ಭೋಗಭೂಮಿ ಎಂಬ ಲೋಕದ ವರ್ಣನೆ ಬರುತ್ತದೆ. ಬೇಕಾದದ್ದನ್ನು ಕಲ್ಪವೃಕ್ಷಗಳು ಕೊಡುತ್ತವೆ. ಕಾಯಿಲೆ ಇಲ್ಲ, ಮುಪ್ಪಿಲ್ಲ, ಎಣಿಸಲಾಗದಷ್ಟು ಆಯುಷ್ಯ. ಸಾವು ಬರುವುದೂ ಒಂದು ಸೀನು, ಒಂದು ಆಕಳಿಕೆಯ ಹಾಗೆ. ಇಷ್ಟೆಲ್ಲ ಹೇಳಿ ಕೊನೆಗೆ ಅವರು ಹೇಳುವ ಮಾತು: ಭೋಗಭೂಮಿಯಿಂದ ನೇರವಾಗಿ ಮೋಕ್ಷಕ್ಕೆ ಹೋದವರು ಯಾರೂ ಇಲ್ಲ. ಅಲ್ಲಿ ವ್ರತವಿಲ್ಲ, ತಪಸ್ಸಿಲ್ಲ. ಅದಕ್ಕೆ ಕರ್ಮಭೂಮಿಗೆ ಬರಬೇಕು. ಉಳಬೇಕು, ಕಷ್ಟಪಡಬೇಕು, ಆಯ್ದುಕೊಳ್ಳಬೇಕು. ದೇವತೆಗಳಿಗೂ ಇದೇ ನಿಯಮ. ಸಾಗರದಷ್ಟು ಆಯುಷ್ಯ ಇದ್ದರೂ ಬಿಡುಗಡೆಗೆ ಮನುಷ್ಯ ಜನ್ಮವೇ ಆಗಬೇಕು.

ನನಗೆ ಇದರಲ್ಲಿ ಎಚ್ಚರಿಕೆಯೂ ಕಾಣುತ್ತದೆ, ಧೈರ್ಯವೂ ಕಾಣುತ್ತದೆ. ಭೋಗಭೂಮಿಯ ಕೊರತೆ ಮುಪ್ಪಿಲ್ಲದ್ದಲ್ಲ, ಮಾಡಬೇಕಾದದ್ದು ಏನೂ ಇಲ್ಲದ್ದು. ಮುಪ್ಪು ಹೋದ ಮೇಲೂ ನೆಲ ಉಳುವುದು, ಮಕ್ಕಳನ್ನು ಸಾಕುವುದು, ಸುಳ್ಳು ಹೇಳಬೇಕೋ ಬೇಡವೋ ಎಂದು ತೂಗುವುದು ಉಳಿದರೆ ಅದು ಕರ್ಮಭೂಮಿಯೇ.

ಒಕ್ಕದಲ್ಲಿ ಪಟ್ಟೆದಾರರಿಗೆ ವಯಸ್ಸೇ ಆಗದಿದ್ದರೆ? ಹೊಸ ಕಾರೋಣರೇ ಇಲ್ಲವಾದರೆ?

ಇದು ಕೊಡಗಿನಲ್ಲಿ ಮಾತ್ರ ಕೇಳಬಹುದಾದ ಪ್ರಶ್ನೆ. ಹೊರಗಿನ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊಡವರ ಒಕ್ಕ ಎಂದರೆ ಒಬ್ಬ ಮೂಲಪುರುಷನಿಂದ ಬಂದ ಮನೆತನ. ಅವರ ಮೂಲಮನೆ ಐನ್‌ಮನೆ. ಒಕ್ಕದ ಹಿರಿಯ ಗಂಡಸು ಪಟ್ಟೆದಾರ. ಕಾರೋಣರು ಎಂದರೆ ತೀರಿಹೋದ ಹಿರಿಯರು. ಮೂಲಪುರುಷನನ್ನು ಗುರುಕಾರೋಣ ಎಂದು ಪೂಜಿಸುತ್ತಾರೆ, ಅವನಿಗೆ ಕೈಮಡ ಎಂಬ ಗುಡಿ ಇರುತ್ತದೆ, ಹಿರಿಯರಿಗೆ ಮೀದಿ ಎಂಬ ಎಡೆ ಇಡುತ್ತಾರೆ. ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ನಿಂತು ಏನನ್ನಾದರೂ ಬೇಡಿಕೊಂಡರೆ ಅದನ್ನು ಕೇಳುವವರಲ್ಲಿ ದೇವರ ಜೊತೆ ಈ ಹಿರಿಯರೂ ಇದ್ದಾರೆ.

ಈಗ ಪಟ್ಟೆದಾರರು ಮುದುಕರಾಗುವುದೇ ಇಲ್ಲ ಎನ್ನಿ. ಅವರ ಸ್ಥಾನಕ್ಕೆ ಕಾಯುತ್ತಿದ್ದ ತಮ್ಮನಿಗೆ ಅದು ಎಂದೂ ಸಿಗುವುದಿಲ್ಲ. ತಲೆಮಾರುಗಳಿಂದ ಬಂದ ಜಮ್ಮ ಜಮೀನಿನ ಮಾತು, ಒಕ್ಕದ ನ್ಯಾಯ, ಎಲ್ಲವೂ ನೂರಾರು ವರ್ಷ ಒಬ್ಬರದೇ ಧ್ವನಿಯಲ್ಲಿ. ಆಸ್ತಿಯ ತೊಡಕನ್ನು ಹೇಗೋ ವಕೀಲರು ಬಿಡಿಸಿಯಾರು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು. ಬದುಕಿದ್ದಾಗ ಜಗಳಗಂಟರಾಗಿದ್ದ ಅಜ್ಜ ಕೂಡ ಹೋದ ಮೇಲೆ ಕಾಯುವ ಹಿರಿಯರಾಗುತ್ತಾರೆ. ಪಾಲು ಕೇಳುವ ಬಾಯಿ ನಿಂತು, ಹರಸುವುದು ಮಾತ್ರ ಉಳಿಯುತ್ತದೆ. ಸಾವು ಅವರಲ್ಲಿ ಆ ಬದಲಾವಣೆ ಮಾಡುತ್ತಿತ್ತು. ಸಾಯದ ಹಿರಿಯರಲ್ಲಿ ಅದನ್ನು ಮಾಡುವವರು ಯಾರು?

ಅವರೇ ಮಾಡಿಕೊಳ್ಳಬೇಕು. ಬದುಕಿದ್ದಾಗಲೇ ಕಾರೋಣರಾಗುವುದು: ಅಧಿಕಾರದ ಕೋಲನ್ನು ಕೈಯಲ್ಲಿ ಶಕ್ತಿ ಇರುವಾಗಲೇ ಕೊಟ್ಟು, ಪಕ್ಕದಲ್ಲಿ ಕೂತು, ಕೇಳಿದರೆ ಮಾತ್ರ ಹೇಳುವುದು. ನಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ಹೆಜ್ಜೆ ಆಗಲೇ ಇದೆ. ಗೃಹಸ್ಥನು ತನ್ನ ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮತ್ತು ಮಗನ ಮಗನನ್ನು ಕಂಡಾಗ ಕಾಡಿಗೆ ಹೊರಡಬೇಕು ಎನ್ನುತ್ತದೆ ಮನುಸ್ಮೃತಿ. ಔಷಧ ಬಂದರೆ ಸುಕ್ಕು ಹೋಗುತ್ತದೆ, ನರೆ ಹೋಗುತ್ತದೆ. ಮೂರನೆಯ ಗುರುತು ಹೋಗುವುದಿಲ್ಲ. ಮೊಮ್ಮಗ ಹುಟ್ಟಿದ ದಿನ ಏನನ್ನಾದರೂ ಬಿಟ್ಟುಕೊಡುವ ಪದ್ಧತಿಯನ್ನು ಮನೆತನಗಳು ಈಗಿನಿಂದಲೇ ಶುರು ಮಾಡಿದರೆ ಎಷ್ಟು ಚೆನ್ನ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಯಾವ ಔಷಧಕ್ಕೂ ಕಾಯಬೇಕಾಗಿಲ್ಲ.

ಮುಪ್ಪಿಲ್ಲದಿದ್ದರೆ ಕೊನೆಗಾಲದ ತೀರ್ಥ, ಕೊನೆಗಾಲದ ಸ್ಮರಣೆ ಇವೆಲ್ಲ ಏನಾಗುತ್ತವೆ?

ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥವನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ. ಪ್ರಾಣ ಹೋಗುವಾಗ ಬಾಯಿಗೆ ಎರಡು ಹನಿ ಹಾಕುವುದಕ್ಕೂ ಅದು ಬೇಕು. ಹಾಸಿಗೆಯ ಸುತ್ತ ಮಕ್ಕಳು, ಸೊಸೆಯಂದಿರು ನಿಂತಿರುತ್ತಾರೆ. ಇದೆಲ್ಲ ಸಾಧ್ಯವಾಗುವುದು ಸಾವು ಹೇಳಿ ಬಂದಾಗ. ಮುಪ್ಪು ಮತ್ತು ಅದರ ಕಾಯಿಲೆಗಳು ಹೋದರೆ ಉಳಿಯುವ ಸಾವು ಹೆಚ್ಚಾಗಿ ಹೇಳದೆ ಬರುವುದು: ತಿರುವಿನಲ್ಲಿ ಬಂದ ಲಾರಿ, ಹೊಳೆಯ ಸುಳಿ, ಜರಿದ ಗುಡ್ಡ. ಹಾಸಿಗೆಯೂ ಇಲ್ಲ, ಸುತ್ತ ನಿಲ್ಲುವವರೂ ಇಲ್ಲ. ದೀರ್ಘಾಯುಷ್ಯದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಇದನ್ನು ಹೇಳುವುದೇ ಇಲ್ಲ, ಬಹುಶಃ ಅವರಿಗೆ ಹೊಳೆದೂ ಇಲ್ಲ.

ಕೊನೆಯ ಗಳಿಗೆಯಲ್ಲಿ ಯಾವುದನ್ನು ನೆನೆಯುತ್ತಾನೋ ಅದನ್ನೇ ಹೊಂದುತ್ತಾನೆ ಎಂದು ಗೀತೆ ಎಂಟನೆಯ ಅಧ್ಯಾಯದಲ್ಲಿ ಹೇಳುತ್ತದೆ. ಅದರ ಮರುಸಾಲಿನಲ್ಲೇ, ಆದ್ದರಿಂದ ಎಲ್ಲ ಕಾಲದಲ್ಲೂ ನನ್ನನ್ನು ನೆನೆ ಎನ್ನುತ್ತದೆ. ಕೊನೆ ಯಾವಾಗ ಎಂದು ಗೊತ್ತಿಲ್ಲದವನಿಗೆ ಈ ಎರಡನೆಯ ಮಾತೇ ಗತಿ. ನರೆ ತೆರೆ ಬರುವ ಮುನ್ನ, ಬೆನ್ನು ಬಾಗುವ ಮುನ್ನ, ಮೃತ್ಯು ಮುಟ್ಟುವ ಮುನ್ನ ಪೂಜಿಸು ಎಂದರು ಬಸವಣ್ಣ. ಮೊದಲಿನ "ಮುನ್ನ"ಗಳನ್ನು ಔಷಧ ಅಳಿಸಬಹುದು, ಕೊನೆಯದನ್ನು ಅಳಿಸಲಾರದು.

ಬೈಲುಕುಪ್ಪೆಯ ಲಾಮಾಗಳು ಇದನ್ನು ಹೇಗೆ ನೋಡುತ್ತಾರೆ?

ಕುಶಾಲನಗರದಿಂದ ಹೊಳೆ ದಾಟಿದರೆ ಬೈಲುಕುಪ್ಪೆ. ಅಲ್ಲಿನ ಸ್ವರ್ಣಮಂದಿರದಲ್ಲಿ ಮೂರು ದೊಡ್ಡ ಮೂರ್ತಿಗಳಿವೆ: ನಡುವೆ ಶಾಕ್ಯಮುನಿ ಬುದ್ಧ, ಇಕ್ಕೆಲದಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್. ಅಮಿತಾಯುಸ್ ಎಂದರೆ ಅಳತೆಯಿಲ್ಲದ ಆಯುಷ್ಯದ ಬುದ್ಧ. ಅಂದರೆ ಅವರ ಪೂಜೆಯಲ್ಲಿ ದೀರ್ಘಾಯುಷ್ಯಕ್ಕೆ ಜಾಗವಿದೆ. ಗುರುಗಳು ಬಹುಕಾಲ ಇದ್ದು ಬೋಧಿಸಲಿ ಎಂದು ವಿಶೇಷ ಪ್ರಾರ್ಥನೆಯನ್ನೂ ಮಾಡುತ್ತಾರೆ. ಆದರೆ ಆಯುಷ್ಯ ಹೊತ್ತು ಉಳಿಯುವ ನಿತ್ಯವಾದ ಆತ್ಮ ಒಂದಿದೆ ಎಂಬುದನ್ನು ಬೌದ್ಧಮತ ಒಪ್ಪುವುದಿಲ್ಲ. ಸಾವಿರ ವರ್ಷದ ಬದುಕೂ ಕ್ಷಣಕ್ಷಣಕ್ಕೆ ಹುಟ್ಟಿ ಅಳಿಯುವ ಪ್ರವಾಹ.

ಸಿದ್ಧಾರ್ಥನ ಮಾತು ಬಂದಾಗ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು: ದಾರಿಯಲ್ಲಿ ಮುದುಕನೇ ಕಾಣದಿದ್ದರೆ ಅವನು ಅರಮನೆ ಬಿಡುತ್ತಿದ್ದನೇ? ರೋಗಿ, ಹೆಣ, ಸನ್ಯಾಸಿ ಆಗಲೂ ಕಾಣುತ್ತಿದ್ದರು. ಆದರೆ ಆ ಮೊದಲ ನೋಟ ಬೇಕಿತ್ತು ಎಂದು ನನಗೂ ಅನ್ನಿಸುತ್ತದೆ.

ಮುಸಲ್ಮಾನರು, ಕ್ರೈಸ್ತರು ಏನು ಹೇಳುತ್ತಾರೆ?

ದೇವರು ಪ್ರತಿ ಕಾಯಿಲೆಗೂ ಮದ್ದು ಇಟ್ಟಿದ್ದಾನೆ, ಒಂದನ್ನು ಬಿಟ್ಟು, ಅದು ಮುಪ್ಪು ಎಂಬ ಪ್ರವಾದಿಯವರ ಮಾತು ಹದೀಸಿನಲ್ಲಿದೆ. ರೂಹ್, ಅಂದರೆ ಆತ್ಮ, ನನ್ನ ಪ್ರಭುವಿನ ಆಜ್ಞೆಗೆ ಸೇರಿದ್ದು, ನಿಮಗೆ ಕೊಟ್ಟಿರುವ ಅರಿವು ಅಲ್ಪ ಎಂದು ಕುರ್‌ಆನ್ ಹೇಳುತ್ತದೆ. ಸಾವಿನ ಗಳಿಗೆ ಅಲ್ಲಾಹನು ಗೊತ್ತುಮಾಡಿದ್ದು. ಚಿಕಿತ್ಸೆ ಮಾಡಿಸುವುದು ಅದಕ್ಕೆ ವಿರುದ್ಧವಲ್ಲ. ಕ್ರೈಸ್ತರ ನಿತ್ಯಜೀವವೂ ಈ ದೇಹವನ್ನೇ ಎಳೆದು ಉದ್ದ ಮಾಡಿದ್ದಲ್ಲ, ಪುನರುತ್ಥಾನದಲ್ಲಿ ಹೊಸದಾಗಿ ಸಿಗುವುದು. ಹೆಚ್ಚಿನದನ್ನು ಎಮ್ಮೆಮಾಡಿನ ಉಸ್ತಾದರನ್ನೋ ವಿರಾಜಪೇಟೆಯ ಚರ್ಚಿನ ಫಾದರನ್ನೋ ಕೇಳುವುದು ಮೇಲು.

ಇಷ್ಟೊಂದು ವರ್ಷ ಬದುಕಿದರೆ ಬೇಸರ ಬರುವುದಿಲ್ಲವೇ?

ಯಯಾತಿ ಮಗ ಪುರುವಿನ ಯೌವನ ತೆಗೆದುಕೊಂಡು ಸಾವಿರ ವರ್ಷ ಭೋಗಿಸಿದ. ಅವನಿಗೆ ಬೇಸರ ಬರಲಿಲ್ಲ, ತೃಪ್ತಿಯೂ ಬರಲಿಲ್ಲ. ಬೆಂಕಿಗೆ ತುಪ್ಪ ಸುರಿದಂತೆ ಆಸೆ ಬೆಳೆಯಿತು ಎಂದು ಅವನೇ ಹೇಳಿ ಯೌವನ ಹಿಂದಕ್ಕೆ ಕೊಟ್ಟ. ಬೇಸರಕ್ಕಿಂತ ಇದಕ್ಕೆ ಹೆದರಬೇಕು.

ಮನಸ್ಸನ್ನು ಕಂಪ್ಯೂಟರಿಗೆ ಹಾಕಿಬಿಟ್ಟರೆ?

ಅದು ನೆನಪಿನ ನಕಲು. ನಕಲು ಮಾಡಿದ ಮೇಲೂ ನೀವು ಕುರ್ಚಿಯಲ್ಲಿ ಕೂತೇ ಇರುತ್ತೀರಿ. ಅಲ್ಲಿಗೆ ಹೋದದ್ದು ನೀವಲ್ಲ.

ಈ ಔಷಧ ಬಂದರೆ ಯಾರಿಗೆ ಸಿಗುತ್ತದೆ?

ಈಗಿನ ರೀತಿಯಲ್ಲೇ ನಡೆದರೆ, ದುಡ್ಡಿದ್ದವರಿಗೆ. ಈ ಪ್ರಶ್ನೆಯನ್ನು ಆತ್ಮದ ವಿಷಯದಿಂದ ಬೇರೆ ಎಂದು ನಾನು ಎಣಿಸುವುದಿಲ್ಲ. ಆದಿವಾಸಿಗಳ ಹಾಡಿಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ಐವತ್ತಕ್ಕೇ ಎಪ್ಪತ್ತರ ಮುಖ ಹೊತ್ತವರನ್ನು ಕಂಡಿದ್ದೇನೆ. ಅವರ ಮುಪ್ಪನ್ನು ತಡೆಯಲು ಯಮನಾಕ ಜೀನ್‌ಗಳು ಬೇಡ. ಸರಿಯಾದ ಊಟ, ಸೋರದ ಸೂರು, ಹತ್ತಿರದಲ್ಲಿ ಡಾಕ್ಟರು ಸಾಕು. ಅದನ್ನು ಇಂದಿಗೂ ಪೂರ್ತಿಯಾಗಿ ಕೊಟ್ಟಿಲ್ಲ. ಎಲ್ಲ ಜೀವಿಗಳಲ್ಲೂ ಒಂದೇ ಆತ್ಮ ಎಂದು ಹೇಳುತ್ತಾ, ತೋಟದ ಧಣಿಗೆ ಐನೂರು ವರ್ಷ, ಅದೇ ತೋಟದಲ್ಲಿ ಕರಿಮೆಣಸು ಕೊಯ್ಯುವ ಎರವ ಬುಡಕಟ್ಟಿನ ಹೆಂಗಸಿಗೆ ಐವತ್ತೈದು ಎಂದರೆ ಆ ಮಾತಿಗೆ ಏನು ಬೆಲೆ? ಮುಪ್ಪಿನ ಸಂಶೋಧನೆಯನ್ನು ಬೆಂಬಲಿಸುವ ನಾನು ಈ ಒಂದು ವಿಷಯದಲ್ಲಿ ಜಗಳಕ್ಕೂ ತಯಾರು. ಲಸಿಕೆಯ ಹಾಗೆ ಎಲ್ಲರ ಮನೆ ಬಾಗಿಲಿಗೂ ಹೋಗದಿದ್ದರೆ ಅದು ಬರುವುದೇ ಬೇಡ.

ಆನ್‌ಲೈನಿನಲ್ಲಿ ಮುಪ್ಪು ತಡೆಯುವ ಮಾತ್ರೆ ಮಾರುತ್ತಾರೆ, ತಗೊಳ್ಳಬಹುದೇ?

ಬೇಡ. ರಾಪಮೈಸಿನ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಡಾಕ್ಟರು ಕೊಡುವಂಥದ್ದು. ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದೆಂದು ಯಾರೂ ತೋರಿಸಿಲ್ಲ.

ಕೊನೆಗೊಂದು ದಿನ "ಇನ್ನು ಸಾಕು" ಅನ್ನಿಸಿದರೆ?

ಮುಪ್ಪಿಲ್ಲದ ಬದುಕಿನಲ್ಲಿ ಇದೇ ಅತ್ಯಂತ ಕಷ್ಟದ ಪ್ರಶ್ನೆಯಾಗುತ್ತದೆ. ಭೀಷ್ಮನಿಗೆ ಇಚ್ಛಾಮರಣದ ವರ ಇತ್ತು. ಅವನು ಬಾಣಗಳ ಮೇಲೆ ಮಲಗಿ ಉತ್ತರಾಯಣಕ್ಕೆ ಕಾದ. ಕಾಯುವಾಗ ಧರ್ಮರಾಯನಿಗೆ ತಿಳಿದದ್ದನ್ನೆಲ್ಲ ಹೇಳಿಕೊಟ್ಟ. ಜೈನರ ಸಲ್ಲೇಖನ, ಅಂದರೆ ಉಪವಾಸ ಮಾಡಿ ದೇಹ ಬಿಡುವ ವ್ರತ, ಬೇರೆ ದಾರಿ, ಅದಕ್ಕೆ ಗುರುವಿನ ಒಪ್ಪಿಗೆ, ಕಟ್ಟುನಿಟ್ಟಿನ ನಿಯಮ ಇವೆ. 2015ರಲ್ಲಿ ರಾಜಸ್ಥಾನದ ಹೈಕೋರ್ಟ್ ಅದನ್ನು ಅಪರಾಧ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಎರಡು ಸಂಪ್ರದಾಯಗಳಲ್ಲೂ ಒಂದು ಮಾತು ಸಮಾನ: ದುಃಖದಲ್ಲಿ, ಸಿಟ್ಟಿನಲ್ಲಿ, ಒಂಟಿತನದಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಅವು ಒಪ್ಪಿಗೆ ಕೊಡುವುದಿಲ್ಲ. ಈಗ ಅಂಥ ಮನಸ್ಸಿನಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮನೆಯವರ ಜೊತೆ ಮಾತಾಡಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕರೆ ತೆಗೆದುಕೊಳ್ಳುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ.

ಕಾನೂನು ಇಂದು ಒಪ್ಪುವುದು ಇಷ್ಟು: ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರಗಳಿಂದ ಉಸಿರು ಎಳೆಯುವುದು ಬೇಡ ಎಂದು ಮೊದಲೇ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಹದಿನೆಂಟು ತುಂಬಿದ, ಬುದ್ಧಿ ಸ್ವಸ್ಥವಿರುವ ಯಾರಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅದರಲ್ಲಿ ಬರೆದು, ಒಂದು ಪ್ರತಿಯನ್ನು ನಿಮ್ಮನ್ನು ನೋಡುವ ಡಾಕ್ಟರಿಗೂ ಇನ್ನೊಂದನ್ನು ಮನೆಯವರಿಗೂ ಕೊಡಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದುಕೊಟ್ಟು ಹಿಂದಕ್ಕೆ ಪಡೆಯಬಹುದು.